ಹಲ್ಲಿನ ಒಳಮೈ

ಮೊಳೆ ಜಾರಿತು.

ಕುಡಿದು ತೂರಾಡುತ್ತಿದ್ದ ದಿನಗಳಲ್ಲೂ ಒಂದು ಸಲವೂ ಜಾರದಿದ್ದ ಮೊಳೆ. ಹಳೇ ಆರಾಮಕುರ್ಚಿಯೊಂದರ ಬೆನ್ನಿಗೆ ಬಟ್ಟೆ ಎಳೆದು ಬಡಿಯುತ್ತಿದ್ದಾಗ ಮುಂದಿನ ಹಲ್ಲುಗಳ ಹಿಡಿತ ತಪ್ಪಿಸಿಕೊಂಡು ಸೀದಾ ಗಂಟಲಿನ ದಾರಿ ಹಿಡಿಯಿತು. ಅವನು ಕೆಮ್ಮಿದ, ಕ್ಯಾಕರಿಸಿದ, ಕಣ್ಣಲ್ಲಿ ನೀರು ತಂದುಕೊಂಡು ಅಂಗೈಗೆ ಉಗಿದ. ಮೊಳೆ ಬಂತು. ಮೊಳೆಯ ಜೊತೆಗೆ ಅಕ್ಕಿನುಚ್ಚಿನಷ್ಟು ಬೆಳ್ಳನೆಯ ಚೂರೊಂದು ಬಂತು. ನಾಲಿಗೆ ತಾನಾಗಿಯೇ ಮೇಲಕ್ಕೆ ಹೋಗಿ ತಡಕಿತು. ಮುಂದಿನ ಹಲ್ಲಿನ ತುದಿ ಗರಗಸದ ಹಾಗೆ ಚುಚ್ಚಿತು.

“ಏನೋ ಮೊಳೆಬಾಯಿ, ನುಂಗಿಬಿಟ್ಯಾ?” ಆಚೆ ಬೆಂಚಿನಿಂದ ಮೇಸ್ತ್ರಿ ಕೂಗಿದ. “ನುಂಗಿದ್ರೆ ಹೇಳಪ್ಪ, ನಾಚ್ಕೋಬೇಡ. ನಾಳೆ ಬೆಳಿಗ್ಗೆ ಸ್ವಲ್ಪ ಹುಷಾರಾಗಿ ಕೂರು. ಪಿಂಗಾಣಿ ಒಡೆದುಹೋದೀತು.”

“ಬಾಯಿ ಮುಚ್ಕೊಂಡು ಕೆಲಸ ನೋಡು ಮೇಸ್ತ್ರಿ,” ಎಂದು ಚೂರನ್ನು ಜೇಬಿಗೆ ಹಾಕಿಕೊಂಡ. ಮೇಸ್ತ್ರಿಯ ಬಾಯಲ್ಲಿ ಉಳಿದಿದ್ದೇ ಆರು ಹಲ್ಲು. ಆ ಆರನ್ನೂ ತೋರಿಸಿ ನಕ್ಕ. ಅರವತ್ತು ದಾಟಿದ ಮುದುಕನ ಹಲ್ಲು ಅಲ್ಲಾಡುತ್ತಿಲ್ಲ, ಇಪ್ಪತ್ತಾರರ ತನ್ನ ಹಲ್ಲು ಪುಡಿಯಾಗುತ್ತಿದೆ. ಯಾರಿಗಾದರೂ ಮೈ ಉರಿಯದೆ ಇದ್ದೀತೇ?

ಕುರ್ಚಿ, ಸೋಫಾಗಳಿಗೆ ಬಟ್ಟೆ ಹೊದಿಸುವವನಿಗೆ ಎರಡು ಕೈ ಸಾಲುವುದಿಲ್ಲ. ಒಂದು ಕೈ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು, ಇನ್ನೊಂದರಲ್ಲಿ ಸುತ್ತಿಗೆ. ಮೊಳೆ ಕೊಡುವ ಮೂರನೇ ಕೈ ಬಾಯಿ. ಇಪ್ಪತ್ತು ಸಣ್ಣ ಮೊಳೆಗಳನ್ನು ಕೆನ್ನೆಯೊಳಗೆ ಒತ್ತರಿಸಿಕೊಂಡು, ನಾಲಿಗೆಯಲ್ಲಿ ಒಂದೊಂದನ್ನೇ ತಿರುಗಿಸಿ, ತಲೆ ಹೊರಗೆ ಬರುವ ಹಾಗೆ ಮುಂದಿನ ಹಲ್ಲಿಗೆ ಕಚ್ಚಿಸಬೇಕು. ಅಯಸ್ಕಾಂತದ ಸುತ್ತಿಗೆ ಅದನ್ನು ಅಲ್ಲಿಂದ ಎತ್ತಿಕೊಂಡು ಹೋಗಿ ಮರಕ್ಕೆ ಬಡಿಯುತ್ತದೆ. ಈಗೆಲ್ಲ ಪಿನ್ ಹೊಡೆಯುವ ಮಷೀನು ಬಂದಿದೆ, ಗುಂಡಿ ಒತ್ತಿದರೆ ಮುಗಿಯಿತು. ಆದರೂ ಹಳೇ ಮರದ ನಾಜೂಕು ಕುರ್ಚಿ ಬಂದರೆ ಯಜಮಾನರು ಇವನನ್ನೇ ಕರೆಯುತ್ತಿದ್ದರು. ಏಳನೇ ಕ್ಲಾಸಿಗೇ ಪುಸ್ತಕ ಬಿಸಾಕಿದವನಿಗೆ ಲೋಕದಲ್ಲಿ ಸಿಕ್ಕ ಮರ್ಯಾದೆ ಅಂದರೆ ಅದೊಂದೇ. ಮೊಳೆಬಾಯಿ ಅನ್ನುವ ಹೆಸರು ಅಲ್ಲಿಂದ ಬಂದಿದ್ದು.

ಹಲ್ಲು ಮಾತ್ರ ಮೂರು ತಿಂಗಳಿಂದ ಹೇಳಿದ ಮಾತು ಕೇಳುತ್ತಿರಲಿಲ್ಲ. ತಣ್ಣೀರು ಕುಡಿದರೆ ಜುಮ್ಮೆಂದು ನೆತ್ತಿಗೇರುತ್ತಿತ್ತು. ಒಳಗಡೆ ನಾಲಿಗೆ ಆಡಿಸಿದರೆ ಗಾಜು ಸವರಿದಂತೆ ನುಣ್ಣಗೆ. ಜೊತೆಗೆ ಇನ್ನೊಂದು ಪೀಡೆ: ಊಟವಾದ ಮೇಲೆ ಎದೆಯಲ್ಲಿ ಬೆಂಕಿ, ಆಮೇಲೆ ಗಂಟಲಿಗೆ ನುಗ್ಗಿ ಬರುವ ಹುಳಿನೀರು, ಬಾಯಿ ತುಂಬ ಕೊಳೆತ ವಾಸನೆ. ಅದೆಲ್ಲ ಹೇಗೋ ಸಹಿಸಿಯಾನು. ವಾಸನೆ ಇಟ್ಟುಕೊಂಡು ಮನೆಗೆ ಹೋಗುವಂತಿರಲಿಲ್ಲ.

ಹದಿನಾಲ್ಕು ತಿಂಗಳ ಹಿಂದೆ ಅವನು ಕುಡಿತ ಬಿಟ್ಟಿದ್ದ. ಬಿಟ್ಟ ಅಂದರೆ ಬಿಟ್ಟ, ಹನಿ ಮುಟ್ಟಿಲ್ಲ. ಅದಕ್ಕೆ ಮುಂಚೆ ಮೂರು ಕಡೆ ಕೆಲಸ ಕಳೆದುಕೊಂಡು, ರೂಮಿನಿಂದ ಹೊರಗೆ ದಬ್ಬಿಸಿಕೊಂಡು, ಬಸ್ ನಿಲ್ದಾಣದ ಬೆಂಚಿನ ಮೇಲೆ ಬಿದ್ದಿದ್ದವನನ್ನು ಎತ್ತಿಕೊಂಡು ಹೋದವಳು ಅಕ್ಕ. ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು. ತಾಯಿ ಸತ್ತ ಮೇಲೆ ತೊಡೆಯ ಮೇಲೆ ಹಾಕಿಕೊಂಡು ಬೆಳೆಸಿದವಳು. ಭಾವ ದೂರದ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದರು, ಮೂರು ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದರು. ಮನೆಯಲ್ಲಿ ಇವರಿಬ್ಬರೇ. ಮನೆಗೆ ಕರೆದುಕೊಂಡು ಬಂದ ದಿನವೇ ಅವನ ಕ್ಯಾನ್ವಾಸ್ ಚೀಲವನ್ನು ಬಾಗಿಲ ಹಿಂದಿನ ಕೊಕ್ಕೆಗೆ ಸಿಕ್ಕಿಸಿ ಹೇಳಿದ್ದಳು: “ಇದನ್ನ ಬಿಚ್ಚೋದಿಲ್ಲ. ಹೀಗೇ ಇರ್ಲಿ. ಒಂದೇ ಒಂದು ದಿನ ನಿನ್ನ ಬಾಯಿಂದ ಆ ವಾಸನೆ ಬರ್ಲಿ, ಚೀಲ ಹೊಸ್ತಿಲಾಚೆ, ನೀನು ಅದರ ಹಿಂದೆ.”

ಸುಮ್ಮನೆ ಹೆದರಿಸುವ ಮಾತಲ್ಲ ಅದು. ಅಕ್ಕನಿಗೆ ಕೂಳು ಹಾಕುವುದೇ ಅವಳ ಮೂಗು. ಸೋಪಿನ ಕಾರ್ಖಾನೆಯಲ್ಲಿ ಎಣ್ಣೆ ಕೆಟ್ಟಿದೆಯೋ ಇಲ್ಲವೋ ಅಂತ ಕೊಪ್ಪರಿಗೆ ಕೊಪ್ಪರಿಗೆ ಮೂಸಿ ಹೇಳುವ ಕೆಲಸ. ಅಲ್ಲಿ ಅವಳಿಗೆ ಮೂಗಮ್ಮ ಅಂತಲೇ ಹೆಸರು. ಮಷೀನು ಒಳ್ಳೆಯದು ಅಂದ ಎಣ್ಣೆಯನ್ನು ಅವಳು ಕೆಟ್ಟಿದೆ ಅಂದರೆ ಸಾಹೇಬರು ಮಷೀನನ್ನೇ ರಿಪೇರಿಗೆ ಕಳಿಸುತ್ತಿದ್ದರು.

ಅಂಥ ಮೂಗಿನ ಮುಂದೆ ಹುಳಿ ಬಾಯಿ ಇಟ್ಟುಕೊಂಡು ನಿಲ್ಲುವುದುಂಟೇ? ಮೊಳೆಬಾಯಿ ಅದಕ್ಕೊಂದು ದಾರಿ ಕಂಡುಕೊಂಡಿದ್ದ. ಕೆಲಸದ ಜಾಗದ ನಲ್ಲಿಯ ಹತ್ತಿರ ಒಂದು ಬ್ರಷ್ಷು, ಒಂದು ಪೇಸ್ಟು. ಹುಳಿ ಬಂದ ತಕ್ಷಣ ಓಡಿಹೋಗಿ ಗಸಗಸ ಉಜ್ಜುತ್ತಿದ್ದ, ಒಸಡು ಕೆಂಪಾಗುವ ತನಕ. ಅದೂ ಸಾಲದೆಂದು ಮನೆಗೆ ಹೊರಡುವಾಗ ಒಂದು ನಿಂಬೆಹೋಳನ್ನು ಬಾಯಿಗೆ ಹಾಕಿಕೊಂಡು ದಾರಿಯುದ್ದಕ್ಕೂ ಚೀಪುತ್ತಿದ್ದ. ಬೆಳಿಗ್ಗೆ ತಿಂಡಿಗೆ ಕೂತರೆ ಅಕ್ಕನ ಎದುರು ಕೂರಬೇಕಲ್ಲ? ತಿಂಡಿಯೇ ಬೇಡ. ಬರೀ ಹೊಟ್ಟೆಗೆ ಎರಡು ಲೋಟ ಕಾಫಿ ಕುಡಿದು ಹೊರಟುಬಿಡುತ್ತಿದ್ದ. ಎರಡು ಗಂಟೆಯ ಹೊತ್ತಿಗೆ ಹಸಿವಿಗೆ ಕಣ್ಣು ಕತ್ತಲೆ ಬರುತ್ತಿತ್ತು. ದೊಡ್ಡ ಡಬ್ಬಿಯನ್ನು ಐದು ನಿಮಿಷದಲ್ಲಿ ಖಾಲಿ ಮಾಡಿ, ಅರ್ಧ ಹೊದಿಸಿದ ಸೋಫಾದ ಮೇಲೆ ಅರ್ಧ ಗಂಟೆ ಉರುಳಿಕೊಂಡು, ಆಮೇಲೆ ಕುರ್ಚಿಯ ಮೇಲೆ ಹೊಟ್ಟೆ ಮಡಿಸಿ ಬಗ್ಗಿದರೆ ಸಂಜೆಯವರೆಗೂ ಬಗ್ಗಿದ್ದೇ.

ಅವತ್ತು ಹಲ್ಲು ಮುರಿದುಕೊಂಡು ಮನೆಗೆ ಹೋದಾಗ ಅಕ್ಕ ಬಾಗಿಲಲ್ಲೇ ತಡೆದಳು.

“ಪೇಸ್ಟಿನ ವಾಸನೆ.”

“ಹಲ್ಲುಜ್ಜಿದೆ. ತಪ್ಪಾ?”

“ಸಂಜೆ ಆರು ಗಂಟೆಗೆ ಯಾವ ಪುಣ್ಯಾತ್ಮ ಹಲ್ಲುಜ್ಜುತ್ತಾನೋ? ಮದುವೆ ಗಂಡೂ ಉಜ್ಜಲ್ಲ.” ಅವಳ ಮೂಗಿನ ಹೊಳ್ಳೆ ಅರಳಿತು. “ಪೇಸ್ಟು. ಅದರ ಮೇಲೆ ನಿಂಬೆಹಣ್ಣು. ಎಣ್ಣೆ ಕೆಟ್ಟಾಗ ನಮ್ಮ ಕಾರ್ಖಾನೆಯೋರೂ ಹೀಗೇ ಮಾಡ್ತಾರೆ, ಎರಡು ಪಾಲು ಸೆಂಟು ಸುರೀತಾರೆ. ಗಮಗಮ ಅಂದ್ರೆ ನಾನು ಮೊದಲು ಒಳಗೇನಿದೆ ಅಂತಾನೇ ನೋಡೋದು.”

“ನೋಡು, ನೋಡು. ನಿನ್ನ ತಮ್ಮ ಸೋಪಿನ ಬಿಲ್ಲೆ ತಾನೇ!” ಎಂದು ಅವನು ಒಳಗೆ ಹೋಗಿ ದಬ್ಬೆಂದು ಬಾಗಿಲು ಹಾಕಿಕೊಂಡ. ಕುಡಿಯುತ್ತಿದ್ದಾಗ ಯಾರೂ ಏನೂ ಕೇಳುತ್ತಿರಲಿಲ್ಲ. ದೂರ ಸರಿದು ಹೋಗುತ್ತಿದ್ದರು, ಅಷ್ಟೆ. ಬಿಟ್ಟ ಮೇಲೆ ಊರೆಲ್ಲ ಪೊಲೀಸು. ತಡವಾದರೆ ಯಾಕೆ ತಡ, ಬೇಗ ಬಂದರೆ ಯಾಕೆ ಬೇಗ, ನಕ್ಕರೆ ಯಾಕೆ ನಗು. ಹೀಗಾದರೆ ಬಿಟ್ಟು ಏನು ಬಂತು?

ನೀರು ಕುಡಿಯಲು ಅಡುಗೆಮನೆಗೆ ಹೋದಾಗ ಅಕ್ಕ ಯಾವುದೋ ಡಬ್ಬಿಯ ಮುಚ್ಚಳವನ್ನು ಟಪ್ಪೆಂದು ಮುಚ್ಚಿದಳು. ಸಕ್ಕರೆ ಡಬ್ಬಿ. ಸಕ್ಕರೆ ಡಬ್ಬಿಯನ್ನು ಹಾಗೆ ಬೆಚ್ಚಿಬಿದ್ದು ಮುಚ್ಚುವವರು ಯಾರು?

ಆ ಕ್ಷಣ ಅವನ ತಲೆಗೆ ಹುಳ ಹೊಕ್ಕಿತು. ಕುಡಿತ ಬಿಡಿಸುವ ಪುಡಿ! ಕುಡುಕನಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸುತ್ತಾರೆ, ವಾಂತಿ ಮಾಡಿಸಿ ಮಾಡಿಸಿ ಬಿಡಿಸುತ್ತಾರೆ ಅಂತ ಅವನು ಕೇಳಿದ್ದ. ಬಸ್ಸಿನ ಹಿಂದೆ ಅಂಟಿಸಿದ ಚೀಟಿಯಲ್ಲೂ ಓದಿದ್ದ. ಎದೆಯುರಿ ಶುರುವಾಗುವುದು ಯಾವಾಗ? ಅಕ್ಕ ಕಟ್ಟಿದ ಡಬ್ಬಿ ತಿಂದ ಮೇಲೆ. ಹುಳಿ ಬರುವುದು ಯಾವಾಗ? ಅದಾದ ಮೇಲೆ. ಇನ್ನೇನು ಬೇಕು? ಒಂದು ಕಡೆ ಊಟದಲ್ಲಿ ಪುಡಿ ಹಾಕುವುದು, ಇನ್ನೊಂದು ಕಡೆ ಬಾಗಿಲಲ್ಲಿ ನಿಂತು ಬಾಯಿ ಮೂಸುವುದು. ಒಳ್ಳೇ ಅಕ್ಕ!

ಮಾರನೆಯ ದಿನ ಮಧ್ಯಾಹ್ನ ಡಬ್ಬಿ ಹಿಡಿದು ಮೇಸ್ತ್ರಿಯ ಬಳಿ ಹೋದ.

“ಮೇಸ್ತ್ರಿ, ಇವತ್ತು ನನ್ನ ಡಬ್ಬಿ ನೀನು ತಿನ್ನು. ನಿನ್ನದು ನನಗೆ ಕೊಡು.”

ಮೇಸ್ತ್ರಿ ಕಣ್ಣು ಕಿರಿದು ಮಾಡಿದ. “ಯಾಕೋ? ಉಪ್ಪು ಜಾಸ್ತಿ ಆಗಿದೆಯಾ?”

“ಬಾಯಿರುಚಿ ಕೆಟ್ಟಿದೆ, ಅದಕ್ಕೆ.”

“ನಿನ್ನ ಬಾಯಿರುಚಿ ಕೆಟ್ರೆ ನನ್ನ ಹೆಂಡತಿ ಅಡುಗೆ ತಿಂತೀಯಾ? ಪಾಪ, ಬದುಕೋ ಆಸೆ ಇಲ್ವೇನೋ ನಿನಗೆ.” ಆದರೂ ಡಬ್ಬಿ ತೆಗೆದು ನೋಡಿ, ಬೇಯಿಸಿದ ಕಾಳು, ಎರಡು ಮೊಟ್ಟೆ ಕಂಡೊಡನೆ ಮಾತು ನಿಲ್ಲಿಸಿ ಕೂತ. ಮೊಳೆಬಾಯಿ ಅವನನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಒಂದು ಗಂಟೆ, ಎರಡು ಗಂಟೆ. ಮೇಸ್ತ್ರಿ ತೇಗಿದ, ಹಾಡು ಗುನುಗಿದ, ಇನ್ನೊಂದು ಸೋಫಾ ಮುಗಿಸಿದ. ಅವನಿಗೇನೂ ಆಗಲಿಲ್ಲ. ಮೇಸ್ತ್ರಿಯ ಹೆಂಡತಿಯ ಒಣ ಅನ್ನ ತಿಂದ ಇವನಿಗೆ ಮಾತ್ರ ನಾಲ್ಕು ಗಂಟೆಗೆ ಸರಿಯಾಗಿ ಹುಳಿನೀರು ಬಾಯಿಗೆ ಬಂತು.

ಅನುಮಾನ ಅಷ್ಟಕ್ಕೆಲ್ಲ ಸಾಯುವ ಪ್ರಾಣಿಯಲ್ಲ. ಪುಡಿ ಒಂದು ದಿನ ಬಿಟ್ಟು ಒಂದು ದಿನ ಹಾಕುತ್ತಾಳೇನೋ ಅಂದುಕೊಂಡ. ಓಡಿಹೋಗಿ ಹಲ್ಲುಜ್ಜಿದ. ಬ್ರಷ್ಷಿನ ಜೊತೆ ಇನ್ನೊಂದು ಚೂರು ಕಿತ್ತು ಬಂತು.

ಅದಾದ ಮೇಲೆಯೇ ಅವನು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದು, ಅದರ ಮಾರನೆಯ ದಿನ, ಊಟ ಮುಗಿಸಿ, ಯಾರಿಗೂ ಹೇಳದೆ.

ಡಾಕ್ಟರಮ್ಮ ಕುರ್ಚಿಯನ್ನು ಹಿಂದಕ್ಕೆ ಮಲಗಿಸಿ, ಸಣ್ಣ ಕನ್ನಡಿಯನ್ನು ಬಾಯಿಗೆ ಹಾಕಿ, ಒಂದೊಂದೇ ಹಲ್ಲನ್ನು ನೋಡಿದರು. ಕುರ್ಚಿಯ ಹೊದಿಕೆಯನ್ನು ಯಾರೋ ಅವಸರದಲ್ಲಿ ಪಿನ್ ಹೊಡೆದು ಮಾಡಿದ್ದರು. ಅದನ್ನು ಬೆರಳಲ್ಲಿ ಮುಟ್ಟಿ ನೋಡಿ ಇವನು ಇನ್ನಷ್ಟು ನಂಬಿಕೆ ಕಳೆದುಕೊಂಡ.

“ಹೊಟ್ಟೆ ಹೇಗಿದೆ?” ಎಂದರು.

“ನಾನು ಬಂದಿರೋದು ಹಲ್ಲಿಗೆ.”

“ನಾನೂ ಹಲ್ಲಿಗೇ ಕೇಳ್ತಿರೋದು. ಎದೆಯುರಿ ಬರುತ್ತಾ? ಹುಳಿ ಮೇಲಕ್ಕೆ ಬರುತ್ತಾ?” ಅವನು ತಲೆಯಾಡಿಸಿದ. “ಕುಡೀತೀರಾ?”

ಕೊರಳಿಗೆ ಕಟ್ಟಿದ ಬಟ್ಟೆಯ ಸಮೇತ ಎದ್ದು ಕೂತ. “ಅಕ್ಕ ಫೋನ್ ಮಾಡಿದ್ಲಾ?”

“ಯಾವ ಅಕ್ಕ?”

“ಕುಡೀತಿದ್ದೆ. ಹದಿನಾಲ್ಕು ತಿಂಗಳಾಯ್ತು ಬಿಟ್ಟು. ಬರ್ಕೊಳ್ಳಿ.”

“ಬರ್ಕೊಂಡೆ. ಒರಗಿಕೊಳ್ಳಿ,” ಎಂದರು ಆಕೆ, ಮುಖದಲ್ಲಿ ಒಂದು ಗೆರೆಯೂ ಅಲುಗದೆ. ಕೈಗನ್ನಡಿ ಕೊಟ್ಟು, ಸಣ್ಣ ಕನ್ನಡಿಯಲ್ಲಿ ಮೇಲಿನ ಸಾಲಿನ ಹಿಂಬದಿಯನ್ನು ತೋರಿಸಿದರು. ಹೊರಗಿನಿಂದ ಬೆಳ್ಳಗೆ ಕಾಣುವ ಹಲ್ಲು ಒಳಗಡೆ ಹಳದಿ ಬಿದ್ದಿತ್ತು. ಚಮಚದಲ್ಲಿ ಕೆರೆದು ತೆಗೆದಂತೆ ಗುಳಿಬಿದ್ದು, ತುದಿಯಲ್ಲಿ ಬೆಳಕು ಆಚೆ ಕಾಣುವಷ್ಟು ತೆಳ್ಳಗಾಗಿತ್ತು.

“ಸಿಹಿಗೆ ಹುಳುಕಾಗೋದು ಬೇರೆ ಥರ, ಅಲ್ಲಲ್ಲಿ ತೂತು ಬೀಳುತ್ತೆ. ನಿಮ್ಮದು ಮೇಲಿನ ಸಾಲು, ಅದೂ ನಾಲಿಗೆ ಕಡೆ. ಹೊಟ್ಟೆಯ ಹುಳಿ ಮೇಲಕ್ಕೆ ಬಂದು ಹೊಡೆದಿದೆ. ಎಷ್ಟು ಹೊತ್ತಿಗೆ ಊಟ ಮಾಡ್ತೀರಿ?”

ಅವನು ಹೇಳಿದ. ಬರೀ ಹೊಟ್ಟೆಯ ಕಾಫಿ, ಎರಡು ಗಂಟೆಯ ಡಬ್ಬಿ, ಸೋಫಾದ ಮೇಲಿನ ನಿದ್ದೆ, ಬಗ್ಗಿ ಮಾಡುವ ಕೆಲಸ.

“ಗಂಟಲವರೆಗೆ ತುಂಬಿಸಿದ ಚೀಲಾನ ಅಡ್ಡ ಮಲಗಿಸಿ, ಆಮೇಲೆ ಮಡಿಸಿದ್ರೆ ಒಳಗಿರೋದು ಎಲ್ಲಿಗೆ ಹೋಗಬೇಕು ಹೇಳಿ? ಬ್ರಷ್ ಎಷ್ಟು ಸಲ?”

“ಐದು ಸಲ,” ಎಂದ, ಇದಕ್ಕಾದರೂ ಶಹಬಾಸ್ ಸಿಗಬಹುದೆಂದು. “ಹುಳಿ ಬಂದ ತಕ್ಷಣ ಉಜ್ಜಿಬಿಡ್ತೀನಿ. ಮೇಲೆ ನಿಂಬೆಹಣ್ಣು.”

ಡಾಕ್ಟರಮ್ಮ ಕನ್ನಡಿಯನ್ನು ತಟ್ಟೆಗೆ ಹಾಕಿದರು. “ಅಯ್ಯೋ, ಅರ್ಧ ಹಲ್ಲು ನೀವೇ ಉಜ್ಜಿ ಉಗಿದಿದ್ದೀರಲ್ರೀ! ಹುಳಿ ಬಿದ್ದಾಗ ಹಲ್ಲಿನ ಮೇಲ್ಪದರ ನೆನೆದ ಸುಣ್ಣದ ಗೋಡೆ ಥರ ಮೆತ್ತಗಾಗಿರುತ್ತೆ. ಸುಮ್ನೆ ಬಿಟ್ರೆ ಎಂಜಲು ಅದನ್ನ ನಿಧಾನಕ್ಕೆ ಗಟ್ಟಿ ಮಾಡ್ಕೊಳ್ಳುತ್ತೆ. ನೀವು ಮೆತ್ತಗಿರೋವಾಗಲೇ ಕೆರೀತೀರ. ಕೆರೆದ ಗೋಡೆಗೆ ಮತ್ತೆ ನಿಂಬೆಹುಳಿ ಎರಚ್ತೀರ. ಹೀಗೇ ಹೋದ್ರೆ ಒಂದು ವರ್ಷಕ್ಕೆ ಮುಂದಿನ ಸಾಲು ಇರಲ್ಲ.”

ಏನು ಮಾಡಬೇಕೆಂದು ಒಂದೊಂದೇ ಹೇಳಿದರು. ಮೊದಲು ಹೊಟ್ಟೆಯ ಡಾಕ್ಟರನ್ನು ನೋಡುವುದು. ಬೆಳಿಗ್ಗೆ ತಿನ್ನುವುದು, ಮಧ್ಯಾಹ್ನ ಕಡಿಮೆ ತಿನ್ನುವುದು, ತಿಂದ ಕೂಡಲೇ ಮಲಗದೆ ಇರುವುದು. ಹುಳಿ ಬಂದರೆ ಬರೀ ನೀರಲ್ಲಿ ಮುಕ್ಕಳಿಸಿ, ಒಂದು ಗಂಟೆ ಬ್ರಷ್ ಮುಟ್ಟದೆ ಇರುವುದು.

“ಒಂದು ಗಂಟೆ ಆ ವಾಸನೆ ಇಟ್ಕೊಂಡಿರಬೇಕಾ?”

“ವಾಸನೆಯಿಂದ ಯಾರ ಹಲ್ಲೂ ಉದುರಲ್ಲ.”

“ನನ್ನ ಮನೆ ಉದುರುತ್ತೆ ಡಾಕ್ಟರಮ್ಮ.” ಕೊರಳಿನ ಬಟ್ಟೆ ಬಿಚ್ಚಿ ಪಕ್ಕಕ್ಕಿಟ್ಟ. “ಒಂದು ಚೀಟಿ ಬರೆದುಕೊಡಿ. ಇವನು ಕುಡಿದಿಲ್ಲ, ಇದು ಹೊಟ್ಟೆ ಹುಳಿ ಅಂತ.”

ಆಕೆ ಪೆನ್ನಿನ ಮುಚ್ಚಳ ತೆಗೆದರು. “ಹೊಟ್ಟೆಹುಳಿಯಿಂದ ಸವೆದಿದೆ ಅಂತ ಬರೀತೀನಿ. ಆದ್ರೆ ಕುಡಿಯೋರಿಗೂ ಹುಳಿ ಹೀಗೇ ಬರುತ್ತೆ, ಹಲ್ಲು ಹೀಗೇ ಸವೆಯುತ್ತೆ. ಹಲ್ಲು ನೋಡಿ ಕುಡಿದಿಲ್ಲ ಅಂತ ಬರೆಯಕ್ಕೆ ನನಗೆ ಬರಲ್ಲಪ್ಪ.”

ಅವನು ಆ ಚೀಟಿ ತೆಗೆದುಕೊಳ್ಳಲೇ ಇಲ್ಲ.

ತಿಂದ ಮೇಲೆ ಅಷ್ಟು ಹೊತ್ತು ಡಾಕ್ಟರಮ್ಮನ ಕುರ್ಚಿಯಲ್ಲಿ ತಲೆ ಕೆಳಗಾಗಿ ಮಲಗಿದ್ದರ ಫಲ, ಮನೆಯ ಬೀದಿ ತಿರುಗುವಾಗ ಕೈಗೆ ಸಿಕ್ಕಿತು. ಎದೆಯಿಂದ ಎದ್ದ ಉರಿ ಸರ್ರನೆ ಬಾಯಿಗೆ ಬಂತು. ಬೀದಿ ನಲ್ಲಿಯ ಬಳಿ ನಿಂತ. ಪ್ಯಾಂಟಿನ ಜೇಬಲ್ಲಿ ಅವಸರಕ್ಕೆಂದು ಇಟ್ಟುಕೊಂಡ ಇನ್ನೊಂದು ಬ್ರಷ್ಷು ಇತ್ತು. ಕೈ ಅಲ್ಲಿಗೇ ಹೋಯಿತು. ಉಜ್ಜಿದರೆ ಹಲ್ಲು ಹೋಗುತ್ತದೆ. ಉಜ್ಜದಿದ್ದರೆ ಮನೆ. ಕೂತು ಯೋಚಿಸಲು ಟೈಮಿಲ್ಲ, ಬಿಂದಿಗೆ ಹಿಡಿದು ಹಿಂದೆ ನಿಂತಿದ್ದ ಹೆಂಗಸು “ನೀರು ಹಿಡೀತೀಯೋ, ನೋಡ್ತಾ ನಿಲ್ತೀಯೋ?” ಎಂದು ಗದರಿದಳು. ಎರಡು ಬೊಗಸೆ ನೀರಲ್ಲಿ ಮುಕ್ಕಳಿಸಿ ಉಗಿದು ನಡೆದ. ನಾಲಿಗೆಯ ಬುಡದಲ್ಲಿ ವಾಸನೆ ಹಾಗೇ ಕೂತಿತ್ತು.

ಚೀಲ ಹೊಸ್ತಿಲಾಚೆ ಇತ್ತು.

ಚೀಲದ ಮೇಲೆ ಕೆಲಸದ ಜಾಗದ ಬ್ರಷ್ಷು, ಪೇಸ್ಟು, ಮೂರು ಒಣಗಿದ ನಿಂಬೆಹೋಳು. ಅಕ್ಕ ಬಾಗಿಲಲ್ಲಿ ಎದೆಯ ಮೇಲೆ ಕೈ ಕಟ್ಟಿಕೊಂಡು ನಿಂತಿದ್ದಳು.

“ಪಾಳಿ ಬೇಗ ಮುಗೀತು, ನಿನ್ನ ಕೆಲಸದ ಹತ್ರ ಹೋಗಿದ್ದೆ. ನೀನಿಲ್ಲ. ಎಲ್ಲಿ ಅಂದ್ರೆ ಯಾರಿಗೂ ಗೊತ್ತಿಲ್ಲ. ನಲ್ಲಿ ಹತ್ರ ಇದು ಸಿಕ್ತು. ನಿಮ್ಮ ಮೇಸ್ತ್ರಿ ಹಲ್ಲು ಕಿರಿದು ಹೇಳ್ದ, ‘ದಿನಾ ಮನೆಗೆ ಹೊರಡೋ ಮುಂಚೆ ಬಾಯಿಗೆ ಶೃಂಗಾರ ಮಾಡ್ಕೊಳ್ತಾನೆ ಕಣಮ್ಮ’ ಅಂತ.” ದನಿ ನಡುಗಿತು, ಆದರೆ ತಗ್ಗಲಿಲ್ಲ. “ಬಾಯಿಗೆ ಪೇಸ್ಟು ಬಳಿದು ನನ್ನ ಕಣ್ಣಿಗೆ ಮಣ್ಣೆರಚ್ತೀಯೇನೋ?”

ಅವನಿಗೆ ಹೇಳಲು ನೂರು ಮಾತು ಇದ್ದವು. ಹಲ್ಲು, ಹೊಟ್ಟೆ, ಡಾಕ್ಟರಮ್ಮ, ಕನ್ನಡಿ. ಬಾಯಿ ತೆರೆದರೆ ಎಲ್ಲವೂ ಕುಡುಕ ಹೇಳುವ ಕಥೆಯ ಹಾಗೆಯೇ ಕೇಳಿಸುತ್ತಿತ್ತು. ಹಿಂದೆ ಅವನೇ ಇಂಥ ಕಥೆಗಳನ್ನು ಇದಕ್ಕಿಂತ ಚೆನ್ನಾಗಿ ಹೇಳಿದ್ದ. ಚೀಲ ದಾಟಿ ಬಂದು ಅವಳ ಮುಖದ ಮುಂದೆ ಮುಖ ಇಟ್ಟು ನಿಂತ.

“ಇವತ್ತು ಉಜ್ಜಿಲ್ಲ. ನಿಂಬೆಹಣ್ಣೂ ಇಲ್ಲ. ಮೂಸು.”

“ದೂರ ಹೋಗೋ.”

“ಊರಿನ ಎಣ್ಣೆಯೆಲ್ಲ ಮೂಸ್ತೀಯಲ್ಲ, ನನ್ನನ್ನೂ ಮೂಸು. ವಾಸನೆ ಇದೆ. ತುಂಬಾನೇ ಇದೆ. ಏನು ವಾಸನೆ ಅಂತ ನೀನೇ ಹೇಳು. ನೀನು ಹೌದು ಅಂದ್ರೆ ನಾನೇ ಚೀಲ ಎತ್ಕೊಂಡು ಹೋಗ್ತೀನಿ.”

ಬಾಯಿ ತೆರೆದ, ಹಾ ಎಂದು ಉಸಿರು ಬಿಟ್ಟ.

ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಏನಾಯಿತೋ, ಕೆಲಸದ ಅಭ್ಯಾಸ ಅವಳನ್ನು ಹಿಡಿದುಕೊಂಡಿತು. ಕಣ್ಣು ಮುಚ್ಚಿದಳು. ಮೊದಲು ತನ್ನ ಉಸಿರನ್ನೆಲ್ಲ ಹೊರಗೆ ಹಾಕಿ, ಮುಖ ಸ್ವಲ್ಪ ಓರೆ ಮಾಡಿ, ಚಿಕ್ಕ ಚಿಕ್ಕದಾಗಿ ಮೂರು ಸಲ ಎಳೆದಳು.

“ಇನ್ನೊಂದ್ಸಲ.”

ಮತ್ತೆ ಉಸಿರು ಬಿಟ್ಟ.

“ಒಡೆದ ಹಾಲು,” ಎಂದಳು, ಕಣ್ಣು ಮುಚ್ಚಿಕೊಂಡೇ. “ಮಧ್ಯಾಹ್ನದ ಮೊಟ್ಟೆ. ಅದರ ಕೆಳಗೆ ಕಬ್ಬಿಣ... ಅದು ಮೊಳೆ. ಅದರ ಕೆಳಗೆ...” ತಡೆದಳು. “ಅದರ ಕೆಳಗೆ ಏನೂ ಇಲ್ಲ.” ಕಣ್ಣು ತೆರೆದಳು. “ಎಷ್ಟು ದಿನದಿಂದ ಹೀಗೆ ಕಕ್ಕಿಕೊಳ್ತಿದ್ದೀಯೋ?”

“ಮೂರು ತಿಂಗಳಿಂದ.”

“ಬಾಯಿ ಬಿಟ್ಟು ಹೇಳಕ್ಕೇನಾಗಿತ್ತು ನಿನಗೆ?”

“ಬಾಯಿ ಬಿಟ್ರೆ ವಾಸನೆ ಬರ್ತಿತ್ತಲ್ಲ!” ಎಂದು ಕಿರುಚಿದ. ಕಿರುಚಿದ ಮೇಲೆ ಎಲ್ಲ ಹೇಳಿದ, ಜೇಬಿನಿಂದ ಹಲ್ಲಿನ ಚೂರು ತೆಗೆದು ಅವಳ ಅಂಗೈಗೆ ಹಾಕಿದ. ಅವಳು ಅದನ್ನು ಬೆರಳತುದಿಯಲ್ಲಿ ಹೊರಳಿಸಿ ನೋಡುತ್ತಿದ್ದಾಗ, ಎದೆಯಲ್ಲಿ ಕೂತಿದ್ದ ಇನ್ನೊಂದನ್ನೂ ಕೇಳಿಯೇಬಿಟ್ಟ. “ಸಕ್ಕರೆ ಡಬ್ಬೀಲಿ ಏನಿದೆ ಅಕ್ಕ?”

ಅವಳ ಮುಖ ಕಪ್ಪಿಟ್ಟಿತು. ಒಳಗೆ ಹೋಗಿ, ಡಬ್ಬಿಗೆ ಮೊಣಕೈವರೆಗೆ ಕೈ ಹಾಕಿ, ಸಕ್ಕರೆ ಮೆತ್ತಿದ ಪೊಟ್ಟಣವೊಂದನ್ನು ತಂದು ಅವನ ಮುಂದಿಟ್ಟಳು. ಬಸ್ಸಿನ ಹಿಂದಿನ ಚೀಟಿಯಲ್ಲಿದ್ದ ಅದೇ ಚಿತ್ರ.

“ತಂದಿದ್ದೆ. ಎರಡು ಸಲ ಕತ್ತರಿ ಹಿಡಿದೆ. ಹಾಕಿಲ್ಲ.”

ಅವನು ಪೊಟ್ಟಣವನ್ನು ಎತ್ತಿ ಬೆಳಕಿಗೆ ಹಿಡಿದ. ನಾಲ್ಕೂ ಅಂಚನ್ನು ಉಗುರಿನಿಂದ ಸವರಿ ನೋಡಿದ. ತಿರುಗಿಸಿ ತಳ ನೋಡಿದ.

“ನೋಡ್ಕೋ, ಚೆನ್ನಾಗಿ ನೋಡ್ಕೋ,” ಎಂದಳು ಅಕ್ಕ. “ನನ್ನ ತಮ್ಮ ತಾನೇ.”

ಅಂಚು ಎಲ್ಲೂ ಬಿಚ್ಚಿರಲಿಲ್ಲ. ಅವನು ಅದನ್ನು ಕೆಳಗಿಟ್ಟ. ಅವಳು ಅದನ್ನು ಒಯ್ದು ಕಸದ ಬುಟ್ಟಿಗೆ ಎಸೆದು, ಚೀಲದ ಮೇಲಿದ್ದ ನಿಂಬೆಹೋಳುಗಳನ್ನೂ ಅದರ ಮೇಲೆ ಸುರಿದಳು. ಚೀಲ ಎತ್ತಿ ಒಳಗೆ ತಂದಳು. ಬಿಚ್ಚಲಿಲ್ಲ. ಬಾಗಿಲ ಹಿಂದಿನ ಅದೇ ಕೊಕ್ಕೆಗೆ ಸಿಕ್ಕಿಸಿದಳು.

“ಇನ್ನೂ ಬಿಚ್ಚಲ್ವಾ?”

“ಬೆಳಿಗ್ಗೆ ಏಳಕ್ಕೆ ತಿಂಡಿಗೆ ಕೂತ್ಕೋಬೇಕು, ನನ್ನ ಎದುರಿಗೆ. ಡಬ್ಬಿ ಎರಡು ಚಿಕ್ಕದು ಕಟ್ತೀನಿ, ಹನ್ನೊಂದಕ್ಕೊಂದು, ಎರಡಕ್ಕೊಂದು. ಸೋಫಾ ಮೇಲೆ ಬಿದ್ಕೊಂಡಿದ್ದು ಗೊತ್ತಾದ್ರೆ ನಿಮ್ಮ ಮೇಸ್ತ್ರಿ ಕೈಯಲ್ಲೇ ಒದೆಸ್ತೀನಿ. ನಾಳೆನೂ ಮೂಸ್ತೀನಿ. ನಾಡಿದ್ದೂ ಮೂಸ್ತೀನಿ.”

“ಮೂಸು.”

ಗೋಡೆ ಗಡಿಯಾರ ಆರೂಕಾಲು ತೋರಿಸುತ್ತಿತ್ತು. ಬೀದಿ ನಲ್ಲಿಯಲ್ಲಿ ಮುಕ್ಕಳಿಸಿ ಇನ್ನೂ ಅರ್ಧ ಗಂಟೆಯೂ ಆಗಿರಲಿಲ್ಲ, ಡಾಕ್ಟರಮ್ಮ ಹೇಳಿದ್ದು ಒಂದು ಗಂಟೆ. ಅವನು ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಮುರಿದ ಹಲ್ಲಿನ ತುದಿಯನ್ನು ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡುತ್ತ, ಬಾಯಲ್ಲಿ ಆ ಹುಳಿ ವಾಸನೆಯನ್ನು ಹಾಗೇ ಇಟ್ಟುಕೊಂಡು, ಮುಳ್ಳು ಮುಂದಕ್ಕೆ ಹೋಗುವುದನ್ನೇ ಕಾಯತೊಡಗಿದ. ಎದುರಿಗೆ ಅಕ್ಕ ಅವನ ಬ್ರಷ್ಷನ್ನು ಮಡಿಲಲ್ಲಿ ಇಟ್ಟುಕೊಂಡು ಕಾವಲು ಕೂತಿದ್ದಳು.